ವಸ್ತಾರೆ ದಾರಿಯ ಮಧ್ಯಾಹ್ನದೂಟ

ಚಿಕ್ಕಮಗಳೂರಿನಿಂದ ಶೃಂಗೇರಿ ಕಡೆಗೆ ಹೊರಟರೆ ಪೇಟೆಯ ಸದ್ದು ಹಿಂದಾಗಿ, ಎರಡೂ ಬದಿಯ ಕಾಫಿ ತೋಟಗಳು ರಸ್ತೆಯನ್ನು ಒತ್ತಿಕೊಳ್ಳುವ ಹೊತ್ತಿಗೆ ವಸ್ತಾರೆ ಬರುತ್ತದೆ. ಹೋಬಳಿ ಕೇಂದ್ರವಾದರೂ ಚಿಕ್ಕ ಊರು. ಅಲ್ಲಿಂದ ಮುಂದೆ ಆಲ್ದೂರು, ಭದ್ರೆಯ ದಡದ ಬಾಳೆಹೊನ್ನೂರು, ಮಾಗುಂಡಿ, ಕಳಸ, ಹೊರನಾಡು. ಕಾಫಿ ಸೀಮೆಯನ್ನು ಒಂದೇ ದಾರಿಯಲ್ಲಿ ನೋಡಿಬಿಡಬೇಕು ಎನ್ನುವವರಿಗೆ ನಾನು ಹೇಳುವುದು ಈ ರಸ್ತೆಯನ್ನೇ. ಕಳೆದ ಮಳೆಗಾಲದಲ್ಲಿ ಅಕ್ಕ, ಭಾವ ಮತ್ತು ನಾನು ಹೊರನಾಡಿಗೆ ಹೊರಟದ್ದೂ ಇದರಲ್ಲೇ.

ಆಶ್ಲೇಷ ಮಳೆ ಹಿಡಿದಿತ್ತು. ಮಲೆನಾಡಿನ ಮಳೆ ಸುರಿದು ಮುಗಿಯುವ ಜಾತಿಯದಲ್ಲ. ಸ್ವಲ್ಪ ಹೊಳವಾಗುತ್ತದೆ, ಮರಗಳಿಂದ ಇನ್ನೂ ಹನಿ ಉದುರುತ್ತಿರುವಾಗಲೇ ಮತ್ತೆ ಬರುತ್ತದೆ. ತೋಟದ ಗಿಡಗಳಲ್ಲಿ ಕಾಫಿ ಕಾಯಿ ಹಸಿರಾಗಿ ಗೊಂಚಲುಗಟ್ಟಿತ್ತು. ಬೆಳೆಗಾರರಿಗೆ ಇದು ಆತಂಕದ ಕಾಲ. ಮಳೆ ಹೀಗೇ ಬಿಡದೆ ಹಿಡಿದರೆ ಕಾಯಿ ಉದುರುತ್ತದೆ, ಕೊಳೆರೋಗ ಬರುತ್ತದೆ. ದಾರಿಹೋಕರ ಕಣ್ಣಿಗೆ ಮಾತ್ರ ಇಷ್ಟು ಚೆಂದದ ಕಾಲ ಇನ್ನೊಂದಿಲ್ಲ. ಸಿಲ್ವರ್ ಓಕ್ ಮರಗಳನ್ನು ತುದಿಯವರೆಗೂ ತಬ್ಬಿದ ಮೆಣಸಿನ ಬಳ್ಳಿ, ಹಾಲುವಾಣದ ತೊಯ್ದ ಕಾಂಡ, ಅದರ ಮೇಲೆಲ್ಲ ಪಾಚಿ. ತೋಟದ ಗೇಟುಗಳ ಬಳಿ ಆನೆ ಓಡಾಟದ ಎಚ್ಚರಿಕೆಯ ಬೋರ್ಡುಗಳು. ಆಲ್ದೂರು ಸುತ್ತಿನ ತೋಟದ ಕೆಲಸದವರಿಗೆ ಈಗ ಬೆಳಗಿನ ಮೊದಲ ವಿಚಾರಣೆಯೇ ಆನೆ ಎಲ್ಲಿದೆ ಎಂಬುದು.

ಮಧ್ಯಾಹ್ನದ ಹಸಿವಿಗೆ ಸರಿಯಾಗಿ ರಸ್ತೆ ಪಕ್ಕದಲ್ಲಿ ಆ ರೆಸ್ಟೋರೆಂಟ್ ಕಂಡಿತು. ಹೆಸರು ಬೇಡ. ಇಳಿಜಾರಿನ ಅಂಚಿಗೆ ಕಟ್ಟಿದ್ದಾರೆ, ಕಣಿವೆಯ ಕಡೆಗೆ ನೆಲದಿಂದ ಮಾಡಿನವರೆಗೆ ಗಾಜು. ಆ ಜಾಗವನ್ನು ಆರಿಸಿದವರ ಕಣ್ಣನ್ನು ಮೆಚ್ಚಲೇಬೇಕು. ಕೆಳಗೆ ಹಂತ ಹಂತವಾಗಿ ಇಳಿಯುವ ತೋಟ, ತಳದಲ್ಲಿ ಆಗಷ್ಟೇ ನಾಟಿ ಮುಗಿದ ಗದ್ದೆಗಳ ಎಳೆ ಹಸಿರು, ಗದ್ದೆಯ ಬದಿಯಲ್ಲಿ ಕೆಂಪಾಗಿ ಹರಿಯುವ ಹಳ್ಳ. ಬಡಗು ದಿಕ್ಕಿನಲ್ಲಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಸಾಲು ಮೋಡದೊಳಗೆ ಮುಚ್ಚಿಹೋಗಿತ್ತು. 1,930 ಮೀಟರ್ ಎತ್ತರದ, ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಎದುರಿಗಿದ್ದೂ ಕಾಣದಂತೆ ಮಾಡುವ ಮೋಡ ಅದು. ಭಾವ ಕುರ್ಚಿಯನ್ನು ಗಾಜಿನ ಕಡೆಗೆ ತಿರುಗಿಸಿಕೊಂಡು ಕೂತರು. ಊಟ ತಡವಾದರೂ ಪರವಾಗಿಲ್ಲ ಅಂದರು.

ತಡವೇ ಆಯಿತು. ಅದಕ್ಕಿಂತ ಮೊದಲು ಮೆನು ಕಾರ್ಡಿನ ಮಾತು. ದಪ್ಪ ಪುಸ್ತಕ. ಸೂಪು, ಗೋಬಿ ಮಂಚೂರಿ, ಫ್ರೈಡ್ ರೈಸ್, ಪನೀರಿನಲ್ಲೇ ಹತ್ತಾರು ಬಗೆ, ನಾನ್, ಕುಲ್ಚಾ, ಪಿಜ್ಜಾ. ಕೊನೆಯ ಪುಟದಲ್ಲಿ ‘ಮಲೆನಾಡು ಸ್ಪೆಷಲ್’ ಎಂಬ ತಲೆಬರಹದ ಕೆಳಗೆ ಅಕ್ಕಿ ರೊಟ್ಟಿ, ಕಡುಬು, ಕಳಲೆ ಪಲ್ಯ. ಅಕ್ಕನ ಮುಖ ಅರಳಿತು.

“ಕಡುಬು ಇದ್ಯಾಪ್ಪ?”

“ಇಲ್ಲ ಮೇಡಂ.”

“ಅಕ್ಕಿ ರೊಟ್ಟಿ?”

“ರುಮಾಲಿ ರೋಟಿ ಇದೆ ಮೇಡಂ. ಬಟರ್ ನಾನ್ ಇದೆ.”

ಹುಡುಗ ಅಸ್ಸಾಮಿನವನು. ಬಂದು ಹೆಚ್ಚು ಕಾಲವಾಗಿರಲಿಲ್ಲ, ಆದರೂ ಕನ್ನಡ ಕಲಿಯುತ್ತಿದ್ದ, ಕೇಳಿದ್ದಕ್ಕೆಲ್ಲ ನಗುನಗುತ್ತ ಉತ್ತರ ಕೊಟ್ಟ. ಕಡುಬೆಂದರೆ ಏನೆಂದು ಅವನು ಕಂಡಿರಲಿಲ್ಲ. ಕಾಣುವುದಾದರೂ ಹೇಗೆ, ಅವನು ಬಂದಮೇಲೆ ಆ ಅಡುಗೆಮನೆಯಲ್ಲಿ ಅದು ಬೆಂದೇ ಇರಲಿಲ್ಲ.

ಕೊನೆಗೆ ನಾನ್, ಪನೀರ್ ಬಟರ್ ಮಸಾಲ, ಭಾವನಿಗೆ ಅನ್ನ ಸಾಂಬಾರು ಹೇಳಿದೆವು. ಬಂದದ್ದನ್ನು ಬಂದ ಹಾಗೆ ಹೇಳುತ್ತೇನೆ. ಬಟ್ಟಲಿನ ಅಂಚಿಗೆ ಕಿತ್ತಳೆ ಬಣ್ಣದ ಎಣ್ಣೆ ನಿಂತಿತ್ತು. ಪನೀರಿನ ತುಂಡು ಹೊರಗೆ ಬಿಸಿ, ನಡುವೆ ಇನ್ನೂ ಫ್ರಿಜ್ಜಿನ ತಂಪು. ನಾನ್ ತಂದಿಡುವಾಗ ಮೆತ್ತಗಿದ್ದದ್ದು, ಮೂರನೆಯ ತುತ್ತಿಗೆ ಚರ್ಮದಂತೆ ಎಳೆಯಬೇಕಾಯಿತು. ಸಾಂಬಾರಿಗೆ ಸಕ್ಕರೆ ಬಿದ್ದಿತ್ತು. ಹಪ್ಪಳ ಮಳೆಗಾಲದ ಥಂಡಿ ಹೀರಿ ಮಡಚಿದರೂ ಮುರಿಯುತ್ತಿರಲಿಲ್ಲ. ಉಪ್ಪಿನಕಾಯಿ ಯಾವುದೋ ಕಾರ್ಖಾನೆಯ ಬಾಟಲಿಯದು, ವಿನಿಗರ್ ವಾಸನೆ. ಮಿಡಿ ಮಾವನ್ನು ಉಪ್ಪಿನಲ್ಲಿ ಚಿರುಟಿಸಿ, ಭರಣಿಯಲ್ಲಿ ವರ್ಷಗಟ್ಟಲೆ ಕೆಡದಂತೆ ಇಡುವ ನಾಡಿನಲ್ಲಿ ಈ ಉಪ್ಪಿನಕಾಯಿ.

ಇಂಥ ಊಟ ಎಲ್ಲೂ ಸಿಗುತ್ತದೆ, ತುಮಕೂರಿನ ಬೈಪಾಸಿನಲ್ಲಿ ಸಿಕ್ಕಿದ್ದರೆ ತಿಂದು ಎದ್ದು ಹೋಗುತ್ತಿದ್ದೆವು. ಇಲ್ಲಿ ಹಾಗಾಗಲಿಲ್ಲ. ಅದಕ್ಕೆ ಕಾರಣ ಅಕ್ಕ ಗಾಜಿನಾಚೆ ಬೆರಳು ತೋರಿಸುತ್ತ ಆಡಿದ ಮಾತುಗಳು.

“ಅಲ್ನೋಡು, ಚರಂಡಿ ಅಂಚಲ್ಲಿ ಅಷ್ಟೂ ಕೆಸ. ಅದರ ಹಿಂದೆ ಮೆಳೆ ಬಿದಿರು. ಆ ದೊಡ್ಡ ಮರ ಹಲಸು. ಅದರ ಪಕ್ಕದ್ದು ಕಂಚಿ ಇರ್ಬೇಕು.”

ಅವಳು ಹೇಳುತ್ತಾ ಹೋದಳು. ಬಾಳೆ ಇತ್ತು, ಅಂದರೆ ದಿಂಡು, ಹೂವು, ಎಲೆ. ಮೆಣಸು ಇತ್ತು. ತೋಟದ ತಗ್ಗಿನಲ್ಲಿ ಏಲಕ್ಕಿ ಇತ್ತು. ಗದ್ದೆಯಲ್ಲಿ ಅಕ್ಕಿ ಇತ್ತು. ನಮ್ಮ ಮೇಜಿನಿಂದ ಕಲ್ಲೆಸೆದರೆ ಬೀಳುವಷ್ಟು ದೂರದಲ್ಲಿ ಒಂದು ಊಟ ಪೂರ್ತಿಯಾಗಿ ನಿಂತು ತೊಯ್ಯುತ್ತಿತ್ತು, ನಮ್ಮ ತಟ್ಟೆಯಲ್ಲಿ ಅದರ ಒಂದು ಎಲೆಯೂ ಇರಲಿಲ್ಲ.

ನಾವು ಮೂಡಿಗೆರೆ ಕಡೆಯ ಅಜ್ಜಿಮನೆಯಲ್ಲಿ ಮಳೆಗಾಲಗಳನ್ನು ಕಳೆದವರು. ಕಳಲೆ ಅಂದರೆ ಏನು ಕೆಲಸವೆಂದು ಕಂಡಿದ್ದೇವೆ. ಬಿದಿರಿನ ಮೊಳಕೆ ನೆಲದಿಂದ ಎದ್ದು ಎಳೆಯದಿರುವಾಗಲೇ ಕಡಿಯಬೇಕು. ಕಾಡಿನದನ್ನು ಕಡಿಯುವ ಹಾಗಿಲ್ಲ, ಮನೆಯ ತೋಟದ ಮೆಳೆಯದ್ದೇ ಆಗಬೇಕು. ಮೇಲಿನ ಸಿಪ್ಪೆಯ ಸಣ್ಣ ಸುಂಕು ಕೈಗೆ ಚುಚ್ಚುತ್ತದೆ. ಒಂದೊಂದೇ ಪದರ ಬಿಡಿಸಿದರೆ ಒಳಗೆ ದಂತದ ಬಣ್ಣದ ತಿರುಳು. ಅದನ್ನು ತೆಳುವಾಗಿ ಹೆಚ್ಚಿ ನೀರಿಗೆ ಹಾಕಬೇಕು. ಹಸಿ ಕಳಲೆಯಲ್ಲಿ ವಿಷದ ಅಂಶವಿದೆ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಬೇಯಿಸಿದರೇ ಅದು ಹೋಗುವುದು. ನೀರಿಗೊಂದು ಹುಳಿ ವಾಸನೆ ಬರುತ್ತದೆ, ಗೊತ್ತಿಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ. ಆಮೇಲೆ ಹೆಸರುಕಾಳಿನ ಜೊತೆ ಪಲ್ಯವಾಗಿಯೋ ಹುಳಿಯಾಗಿಯೋ ತಟ್ಟೆಗೆ ಬಂದಾಗ, ಹೊರಗೆ ಮಳೆ ಹೊಡೆಯುತ್ತಿರುವಾಗ, ಅದರ ರುಚಿಗೆ ಬೇರೆ ಸಾಟಿಯಿಲ್ಲ. ಕೆಸವೂ ಹಾಗೇ. ಹುಳಿ ಸಾಲದಿದ್ದರೆ ಗಂಟಲು ಕೆರೆಯುತ್ತದೆ, ಎಲೆಯ ನಾರು ತೆಗೆಯಬೇಕು, ಹಿಟ್ಟು ಬಳಿದು ಸುತ್ತಿ ಹಬೆಯಲ್ಲಿ ಬೇಯಿಸಬೇಕು, ಆಗ ಪತ್ರೊಡೆ. ಕಡುಬಿಗೆ ಅಕ್ಕಿ ತರಿ ಬೇರೆಯೇ ಒಡೆಸಬೇಕು, ಅದನ್ನು ಕುದಿಯುವ ನೀರಿಗೆ ಹಾಕಿ ತಿರುವಿ, ಬಿಸಿ ಇರುವಾಗಲೇ ಉಂಡೆ ಕಟ್ಟಿ, ಮತ್ತೆ ಹಬೆಗಿಡಬೇಕು. ಅಜ್ಜಿಯ ಅಂಗೈ ಕೆಂಪಾಗಿರುತ್ತಿತ್ತು.

ಈ ಅಡುಗೆ ಹೋಟೆಲಿಗೆ ಏಕೆ ಬರಲಿಲ್ಲ ಎನ್ನುವುದಕ್ಕೆ ಉತ್ತರ ಅಲ್ಲೇ ಇದೆ ಎಂದು ನನಗೆ ಅನ್ನಿಸುತ್ತಾ ಬಂದಿದೆ. ಆ ದಿನ ಕೌಂಟರಿನಲ್ಲಿದ್ದ ಮ್ಯಾನೇಜರ್ ಹುಡುಗನ ಜೊತೆ ಮಾತಾಡಿದ ಮೇಲೆ ಅದು ಇನ್ನೂ ಗಟ್ಟಿಯಾಯಿತು. ಅವನು ಆ ಸೀಮೆಯವನೇ. ಭಾವ ಬಿಲ್ಲು ಕೊಡುತ್ತಾ, ಬೈಯದೆ, ನಿಜವಾಗಿ ತಿಳಿಯಬೇಕೆಂದೇ ಕೇಳಿದರು.

“ಕಾರ್ಡಲ್ಲಿ ಕಡುಬು ಬರೆದಿದ್ದೀರಲ್ಲ, ಯಾವತ್ತು ಮಾಡ್ತೀರಿ?”

“ಮೊದ್ಲು ಮಾಡ್ತಿದ್ವಿ ಸರ್. ಇಪ್ಪತ್ತು ಜನಕ್ಕೆ ಮಾಡಿಟ್ರೆ ಇಬ್ರು ಕೇಳೋರು. ಆರಿದ್ಮೇಲೆ ಅದು ಗಟ್ಟಿ ಆಗಿ ಯಾರಿಗೂ ಕೊಡೋಕಾಗಲ್ಲ. ಪನೀರ್ ಆದ್ರೆ ಫ್ರಿಜ್ಜಲ್ಲಿರುತ್ತೆ, ಜನ ಬಂದಾಗ ಬಿಸಿ ಮಾಡಿ ಕೊಡಬಹುದು. ಅಡುಗೆ ಭಟ್ಟರು ಹೊರಗಿನವರು, ಅವ್ರಿಗೆ ಇದೆಲ್ಲ ಬರಲ್ಲ. ಊರಿನ ಹೆಂಗಸರನ್ನ ಕರೆದ್ರೆ ಹೋಟೆಲ್ ಅಡುಗೆಗೆ ಬರೋದಿಲ್ಲ ಸರ್, ತೋಟದ ಕೆಲಸ ಬಿಟ್ಟು.”

“ನೀನು ಮಧ್ಯಾಹ್ನಕ್ಕೆ ಎಂತ ತಿಂತೀಯಪ್ಪ?” ಅಕ್ಕ ಕೇಳಿದಳು.

“ಮನೆಯಿಂದ ತರ್ತೀನಿ ಅಕ್ಕ. ಅಮ್ಮ ರೊಟ್ಟಿ ಹಾಕಿ ಕೊಡ್ತಾರೆ.”

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೆದ್ದಾರಿ ಹೋಟೆಲುಗಳ ಲೆಕ್ಕಾಚಾರ ಬಲ್ಲವರಿಗೆ ಇದು ಗೊತ್ತು. ಈರುಳ್ಳಿ, ಟೊಮೆಟೊ, ಗೋಡಂಬಿ ಬೇಯಿಸಿ ರುಬ್ಬಿದ ಗ್ರೇವಿಯನ್ನು ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟರೆ ದಿನದ ಅರ್ಧ ಅಡುಗೆ ಮುಗಿದ ಹಾಗೆ. ಪನೀರ್ ಹಾಕಿದರೆ ಒಂದು ಹೆಸರು, ಬಟಾಣಿ ಹಾಕಿದರೆ ಇನ್ನೊಂದು, ಬೆಣ್ಣೆ ಹೆಚ್ಚು ಬಿದ್ದರೆ ಮತ್ತೊಂದು. ಗಿರಾಕಿ ಎಷ್ಟು ಬಂದರೂ, ಬರದೇ ಹೋದರೂ, ನಷ್ಟವಿಲ್ಲ. ಶನಿವಾರ ಭಾನುವಾರ ಕಾರುಗಳು ಸಾಲುಗಟ್ಟಿ ಬಂದು, ಮಂಗಳವಾರ ಯಾರೂ ಸುಳಿಯದ ಜಾಗದಲ್ಲಿ ಇದೇ ಸುಲಭ. ಕಳಲೆಗೆ ಮೂರು ದಿನ ಮುಂಚೆ ಗೊತ್ತಿರಬೇಕು, ಕಡುಬಿಗೆ ಒಂದು ದಿನ. ಬೆಟ್ಟದ ಅಡುಗೆ ಕೇಳುವುದು ಹೊತ್ತನ್ನು, ದಾರಿಯಲ್ಲಿ ಬರುವ ಗಿರಾಕಿಯ ಬಳಿ ಇಲ್ಲದ್ದೂ ಅದೇ.

ಇದೇ ಸೀಮೆಯ ಹೋಂಸ್ಟೇಗಳಲ್ಲಿ ಕಡುಬು, ಕೋಳಿ ಸಾರು, ಅಕ್ಕಿ ರೊಟ್ಟಿ, ಕಳಲೆ ಇವತ್ತಿಗೂ ಚೆನ್ನಾಗಿ ಸಿಗುತ್ತವೆ. ಅಲ್ಲಿ ಅಡುಗೆ ಮಾಡುವವರು ಆ ಮನೆಯವರೇ ಎನ್ನುವುದು ಒಂದು ಕಾರಣ. ಎಷ್ಟು ಜನ ಬರುತ್ತಾರೆಂದು ಹಿಂದಿನ ದಿನವೇ ಗೊತ್ತಿರುತ್ತದೆ ಎನ್ನುವುದು ಅದಕ್ಕಿಂತ ದೊಡ್ಡ ಕಾರಣ. ಇನ್ನೊಂದು ಮಾತೂ ಇದೆ. ಮಲೆನಾಡಿನಲ್ಲಿ ಮನೆಗೆ ಬಂದವರಿಗೆ ಉಣ್ಣಲು ಬಡಿಸುವುದು ಮರ್ಯಾದೆಯ ವಿಷಯವಾಗಿತ್ತು, ವ್ಯಾಪಾರದ್ದಾಗಿರಲಿಲ್ಲ. ಒಂಟಿ ಮನೆಗಳ ನಾಡು, ಮಳೆಯಲ್ಲಿ ದಾರಿ ತಪ್ಪಿ ಬಂದವನಿಗೆ ಬೇರೆ ಗತಿಯೂ ಇರಲಿಲ್ಲ. ಬಡಿಸುವುದನ್ನು ಮಾರಿ ಅಭ್ಯಾಸವಿಲ್ಲದ ಜನ ತಮ್ಮ ಊಟವನ್ನು ಹೋಟೆಲಿಗೆ ತರಲಿಲ್ಲ, ತಂದವರು ಬೇರೆ ಊರಿನ ಊಟವನ್ನು ತಂದರು.

ಅಡುಗೆಯ ವಿಷಯದಲ್ಲಿ ಹೋಟೆಲಿನವರ ಕಷ್ಟ ಅರ್ಥವಾಗುತ್ತದೆ. ಕಾಫಿಯ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ಊಟವಾದ ಮೇಲೆ ಕಾಫಿ ಕೇಳಿದೆವು. ಯಂತ್ರದ ಗುಂಡಿ ಒತ್ತಿದ ಸದ್ದು ಕೇಳಿತು. ಕಾಗದದ ಲೋಟದಲ್ಲಿ ಬಂದದ್ದು ಮೇಲೆ ನೊರೆ, ಕೆಳಗೆ ಹಾಲಿನ ಪುಡಿಯ ಸಿಹಿ, ನಡುವೆ ಸುಟ್ಟ ಕಹಿ. ಚಿಕೋರಿ ನಾಲಿಗೆಗೆ ಅಂಟಿತು. ಚಿಕೋರಿ ಬೆರೆಸುವುದು ತಪ್ಪಲ್ಲ, ಮಿಶ್ರಣದಲ್ಲಿ ಶೇ. 49ರವರೆಗೆ ಅದಕ್ಕೆ ನಮ್ಮ ಕಾನೂನಿನಲ್ಲೇ ಅವಕಾಶವಿದೆ, ಅದನ್ನು ಇಷ್ಟಪಡುವವರೂ ಇದ್ದಾರೆ. ಆದರೆ ಕೂತ ಜಾಗ ಯಾವುದು! ಬಾಬಾಬುಡನ್ ಯೆಮನ್ನಿನಿಂದ ಏಳು ಬೀಜ ತಂದು 17ನೇ ಶತಮಾನದಲ್ಲಿ ನೆಟ್ಟರೆಂದು ನಾಡು ನಂಬಿಕೊಂಡು ಬಂದಿರುವ ಗಿರಿ ಎದುರಿಗೆ ಮೋಡದೊಳಗಿದೆ. ದೇಶದ ಕಾಫಿಯಲ್ಲಿ ಶೇ. 70ರಷ್ಟು ಕರ್ನಾಟಕದ್ದು, ಅದೂ ಹೆಚ್ಚುಕಡಿಮೆ ಕೊಡಗು, ಚಿಕ್ಕಮಗಳೂರು, ಹಾಸನ ಎಂಬ ಮೂರು ಜಿಲ್ಲೆಗಳದ್ದು. ಚಿಕ್ಕಮಗಳೂರಿನ ಅರೇಬಿಕಾಕ್ಕೂ ಬಾಬಾಬುಡನ್‌ಗಿರಿಯ ಅರೇಬಿಕಾಕ್ಕೂ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ನಾವು ಅದೇ ದಾರಿಯಲ್ಲಿ ಮುಂದೆ ಹೋಗಬೇಕಿದ್ದ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಕೆಲಸ ಮಾಡುತ್ತಿದೆ. ಅಂಥ ನೆಲದಲ್ಲಿ ಗಾಜಿಗೆ ತಾಗುವಂತೆ ಕಾಫಿ ಗಿಡ ಇಟ್ಟುಕೊಂಡು ಯಂತ್ರದ ಕಾಫಿ ಕೊಡುವುದು ನನಗೆ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ.

ಇದಕ್ಕೂ ಹಳೆಯ ಬೇರಿದೆ. 1940ರ ದಶಕದಿಂದ 1990ರ ದಶಕದ ಮಧ್ಯದವರೆಗೆ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವ ಹಾಗಿರಲಿಲ್ಲ. ಬೆಳೆದದ್ದನ್ನು ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕು, ಮನೆ ಖರ್ಚಿಗೆ ಇಷ್ಟೆಂದು ಉಳಿಸಿಕೊಳ್ಳಬಹುದಿತ್ತು. ದುಡ್ಡು ಕಂತಿನಲ್ಲಿ ಬರುತ್ತಿತ್ತು. ಅರ್ಧ ಶತಮಾನ ಹೀಗೆ ನಡೆದ ಮೇಲೆ, ಕಣದಲ್ಲಿ ಒಣಗಿದ ಕಾಫಿ ಲಾರಿ ಹತ್ತಿ ಕ್ಯೂರಿಂಗ್ ವರ್ಕ್ಸಿಗೆ ಹೋಗುವ ಸರಕು ಎನ್ನುವ ಭಾವನೆ ಗಟ್ಟಿಯಾಯಿತು. ಈಗಲೂ ನಮ್ಮ ಕಾಫಿಯ ದೊಡ್ಡ ಪಾಲು ಇಟಲಿ, ಜರ್ಮನಿ, ರಷ್ಯಾ ಅಂತ ಹಡಗು ಹತ್ತುತ್ತದೆ. ಅಜ್ಜಿಮನೆಯಲ್ಲೂ ಒಳ್ಳೆಯ ಕಾಳು ಮೂಟೆಗೆ, ಉದುರಿದ್ದು, ಗಾಳಿಸಿ ಉಳಿದದ್ದು ಮನೆಗೆ. ಆದರೂ ಅದನ್ನು ಮನೆಯಲ್ಲೇ ಹುರಿದು, ಪುಡಿ ಮಾಡಿ, ಬಟ್ಟೆಯಲ್ಲಿ ಸೋಸಿ, ಬೆಲ್ಲ ಹಾಕಿ ಕೊಟ್ಟರೆ, ಆ ಘಮ ಜಗಲಿಯವರೆಗೆ ಬರುತ್ತಿತ್ತು. ಈಗ ಕಟ್ಟುಪಾಡು ಹೋಗಿ ಮೂವತ್ತು ವರ್ಷವಾಗುತ್ತ ಬಂತು. ತಮ್ಮ ತೋಟದ ಕಾಫಿಯನ್ನು ತಾವೇ ಹುರಿದು ಪೊಟ್ಟಣ ಕಟ್ಟಿ ಮಾರುವ ಬೆಳೆಗಾರರು ಚಿಕ್ಕಮಗಳೂರಿನಲ್ಲೇ ಇದ್ದಾರೆ. ರಸ್ತೆ ಪಕ್ಕದ ರೆಸ್ಟೋರೆಂಟಿಗೆ ಆ ಪುಡಿ ಸಿಗುವುದಿಲ್ಲ ಎನ್ನುವ ಹಾಗಿಲ್ಲ.

ಅಲ್ಲಿಂದ ಹೊರಟು ಬಾಳೆಹೊನ್ನೂರು ದಾಟಿ ಕಳಸ ಮುಟ್ಟುವಾಗ ಸಂಜೆಯಾಯಿತು. ಭದ್ರೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ಮಾರನೆಯ ಮಧ್ಯಾಹ್ನ ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಸಾಲಾಗಿ ನೆಲದ ಮೇಲೆ ಕೂತು ಉಂಡೆವು. ಅಲ್ಲಿ ಬಂದವರಿಗೆಲ್ಲ ಊಟ, ದುಡ್ಡು ಕೇಳುವವರಿಲ್ಲ, ಜಾತಿ ಊರು ಕೇಳುವವರಿಲ್ಲ. ಅನ್ನ, ಸಾರು, ಹುಳಿ, ಪಾಯಸ, ಮಜ್ಜಿಗೆ. ಬಕೆಟ್ಟು ಹಿಡಿದು ಬಡಿಸುವವರು ಓಡುತ್ತಲೇ ಇರುತ್ತಾರೆ, ಎಲೆಯಲ್ಲಿ ಅನ್ನಕ್ಕೆ ಹಳ್ಳ ಮಾಡಿಕೊಳ್ಳುವಷ್ಟರಲ್ಲಿ ಸಾರು ಬಂದಿರುತ್ತದೆ. ಸಾವಿರಾರು ಜನಕ್ಕೆ ಮಾಡಿದ ಸಾರು ನಾಲಿಗೆ ಸುಡುವಷ್ಟು ಬಿಸಿಯಾಗಿತ್ತು, ಮೆಣಸಿನ ಖಾರ ಗಂಟಲಿಗೆ ತಾಗಿತು. ಅಕ್ಕ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಹಿಂದಿನ ದಿನ ಮೂವರೂ ಅರ್ಧ ತಟ್ಟೆ ಬಿಟ್ಟು ಎದ್ದವರು.

ವಾಪಸು ಬಾಳೂರು, ಕೊಟ್ಟಿಗೆಹಾರದ ಮೇಲೆ ಬಂದೆವು. ಹೇಮಾವತಿ ಹುಟ್ಟುವ ಜಾವಳಿಯ ಸುತ್ತಿನ ಆ ಬೆಟ್ಟಗಳ ಬಗ್ಗೆ ಬೇರೆಯೇ ಬರೆಯಬೇಕು. ಕೊಟ್ಟಿಗೆಹಾರ ಚಾರ್ಮಾಡಿ ಘಾಟಿಯ ನೆತ್ತಿಯ ಊರು, ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಇರುವುದೂ ಇಲ್ಲೇ. ಘಾಟಿ ಹತ್ತಿ ಬಂದ ಬಸ್ಸು, ಲಾರಿ, ಕಾರುಗಳೆಲ್ಲ ನಿಲ್ಲುವ ಈ ಊರಿನ ನೀರುದೋಸೆ ಹೆಸರುವಾಸಿ. ಎದುರಿಗೆ ಕಣಿವೆ ಇಲ್ಲ, ಗಾಜು ಇಲ್ಲ, ಕಾಣುವುದು ರಸ್ತೆ ಮತ್ತು ನಿಂತ ಲಾರಿಗಳು. ಆದರೆ ದೋಸೆ ಕಾವಲಿಯಿಂದ ನೇರ ತಟ್ಟೆಗೆ ಬಂತು, ಮಡಿಕೆಯೊಳಗಿಂದ ಹಬೆ ಏಳುತ್ತಿತ್ತು. ಭಾವ ಎಷ್ಟು ತಿಂದರೋ ಲೆಕ್ಕವಿಲ್ಲ. ನೀರುದೋಸೆ ಹೋಟೆಲಿನಲ್ಲಿ ಉಳಿದದ್ದಕ್ಕೂ ಕಾರಣ ಹೊತ್ತೇ ಎನ್ನುವುದು ಆಗ ಹೊಳೆಯಿತು. ಅಕ್ಕಿ ನೆನೆಸಿ ರುಬ್ಬಿ ನೀರು ಬೆರೆಸಿದರೆ ಆಯಿತು, ಹುಳಿ ಬರುವವರೆಗೆ ಕಾಯಬೇಕಿಲ್ಲ, ಗಿರಾಕಿ ಕೂತ ಮೇಲೆ ಹುಯ್ಯಬಹುದು, ಉಳಿಯುವ ಭಯವಿಲ್ಲ. ಬೆಟ್ಟದ ಅಡುಗೆಯಲ್ಲಿ ಬೇಗ ಆಗುವುದು ಊರ ಹೋಟೆಲಿನಲ್ಲಿ ಬದುಕಿಕೊಂಡಿತು, ನಿಧಾನದ್ದು ಮನೆಗಳ ಒಳಗೆ ಉಳಿಯಿತು. ಆ ಮನೆಗಳಲ್ಲೂ ಈಗ ಮಕ್ಕಳು ಬೆಂಗಳೂರಿನಲ್ಲಿದ್ದು, ಇಬ್ಬರು ಮುದುಕರಿಗಾಗಿ ಮೂರು ದಿನ ಕಳಲೆ ನೆನೆಸುವವರು ಕಡಿಮೆಯಾಗುತ್ತಿದ್ದಾರೆ. ನನ್ನ ಬೇಸರದ ಬುಡ ಇರುವುದು ಇಲ್ಲಿ.

ಅದಕ್ಕೇ ಆ ಕಡೆ ಹೋಗುವವರಲ್ಲಿ ಒಂದು ಕೋರಿಕೆ. ಹೊರಡುವ ಹಿಂದಿನ ದಿನ ದಾರಿಯ ಹೋಟೆಲಿಗೆ ಒಂದು ಫೋನು ಮಾಡಿ. ಎಷ್ಟು ಜನ, ಎಷ್ಟು ಹೊತ್ತಿಗೆ ಬರುತ್ತೀರೆಂದು ಹೇಳಿ ಕಡುಬೋ ರೊಟ್ಟಿಯೋ ಕೇಳಿ. ಬೇಸಿಗೆಯಲ್ಲಾದರೆ ಹಲಸಿನಕಾಯಿ ಪಲ್ಯ ಕೇಳಿ, ಮಳೆಗಾಲದಲ್ಲಾದರೆ ಎರಡು ಮೂರು ದಿನ ಮುಂಚೆಯೇ ಹೇಳಿ ಕಳಲೆ ಕೇಳಿ. ಹೇಳಿದ ಮೇಲೆ ತಪ್ಪದೆ ಹೋಗಿ ಉಣ್ಣಿ, ನಿಮ್ಮ ಮಾತು ನಂಬಿ ನೆನೆಸಿಟ್ಟದ್ದು ಹಾಳಾಗಬಾರದು. ಇಬ್ಬರು ಕೇಳುವ ಕಡೆ ಇಪ್ಪತ್ತು ಜನ ಕೇಳಿದರೆ ಆ ಮ್ಯಾನೇಜರ್ ಹುಡುಗನ ಲೆಕ್ಕ ಬದಲಾಗುತ್ತದೆ. ಹೋಟೆಲಿನವರಲ್ಲೂ ಒಂದು ಕೋರಿಕೆ ಇದೆ. ಕಡುಬು ನಿಧಾನವಾಗಿ ಬರಲಿ, ಕಾಫಿಯನ್ನು ನಾಳೆಯೇ ಬದಲಾಯಿಸಿ. ಅದಕ್ಕೆ ಹೊಸ ಭಟ್ಟರು ಬೇಕಿಲ್ಲ. ಒಂದು ಹಿತ್ತಾಳೆ ಫಿಲ್ಟರ್, ಪಕ್ಕದ ತೋಟದ ಪುಡಿ, ಕಾಯಿಸಿದ ಹಾಲು, ಇಷ್ಟು ಸಾಕು.